ಉಂಚಳ್ಳಿಯ ಕಾಲುದಾರಿ ಮತ್ತು ಪ್ರವಾಸೋದ್ಯಮದ ಲೆಕ್ಕಾಚಾರ

ಪ್ರವಾಸೋದ್ಯಮದ ಅಭಿವೃದ್ಧಿಯನ್ನು ಕುರಿತ ಸಭೆ ಹುಬ್ಬಳ್ಳಿಯಲ್ಲಿ ನಡೆಯಲಿ, ಶಿರಸಿಯಲ್ಲಿ ನಡೆಯಲಿ, ಉತ್ತರ ಕನ್ನಡ ಜಿಲ್ಲೆಯ ಜಲಪಾತಗಳ ಪ್ರಸ್ತಾಪವಿಲ್ಲದೆ ಅದು ಮುಕ್ತಾಯಗೊಳ್ಳುವುದಿಲ್ಲ. ಪ್ರಸ್ತಾಪದ ಬೆನ್ನಿಗೆ ಬರುವ ಬೇಡಿಕೆಗಳ ಪಟ್ಟಿಯೂ ಬಹುತೇಕ ಒಂದೇ ಬಗೆಯದು. ಜಲಪಾತದ ನೆತ್ತಿಯವರೆಗೆ ಅಗಲವಾದ ಡಾಂಬರು ರಸ್ತೆ ಬೇಕು, ನೂರಾರು ಕಾರುಗಳಿಗೆ ನಿಲುಗಡೆ ಬೇಕು, ಕಾಂಕ್ರೀಟಿನ ವೀಕ್ಷಣಾ ಗೋಪುರ ಬೇಕು. ಇತ್ತೀಚಿನ ವರ್ಷಗಳಲ್ಲಿ ಈ ಪಟ್ಟಿಗೆ ಗಾಜಿನ ಸೇತುವೆಯೂ ಸೇರಿಕೊಂಡಿದೆ. ಇವೆಲ್ಲ ಒದಗಿದರೆ ಪ್ರವಾಸಿಗರು ಬರುತ್ತಾರೆ, ಪ್ರವಾಸಿಗರು ಬಂದರೆ ವ್ಯಾಪಾರ ಬೆಳೆಯುತ್ತದೆ ಎಂಬುದು ಇದರ ಹಿಂದಿರುವ ತರ್ಕ. ಮೊದಲರ್ಧ ನಿಜವಿರಬಹುದು. ಎರಡನೆಯ ಅರ್ಧವನ್ನು ಪರಿಶೀಲಿಸಲು ಸಿದ್ದಾಪುರ ತಾಲೂಕಿನ ಉಂಚಳ್ಳಿ ಜಲಪಾತ ಉತ್ತಮ ಉದಾಹರಣೆ.

ಉಂಚಳ್ಳಿಯಲ್ಲಿ ಅಘನಾಶಿನಿ ನದಿಯು ಸುಮಾರು 116 ಮೀಟರ್ ಎತ್ತರದಿಂದ ಕಣಿವೆಗೆ ಧುಮುಕುತ್ತದೆ. ಶಿರಸಿಯಿಂದಲೂ ಸಿದ್ದಾಪುರದಿಂದಲೂ ಹೆಚ್ಚುಕಡಿಮೆ ಒಂದು ಗಂಟೆಯ ಪ್ರಯಾಣ. ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಅಲ್ಲೊಂದು ಇಲ್ಲೊಂದು ಹೆಂಚಿನ ಮನೆ ದಾಟುತ್ತ ಹೆಗ್ಗರಣಿಯ ಮೂಲಕ ಸಾಗುವ ದಾರಿ ಕೊನೆಗೆ ಕಾಡಿನ ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಡೆಯಬೇಕು. ನಡಿಗೆ ದೀರ್ಘವಾದುದಲ್ಲ, ಚಾರಣವೆಂದು ಕರೆಯುವಷ್ಟು ಕಠಿಣವೂ ಅಲ್ಲ. ಆದರೂ ಸೂರ್ಯನ ಬೆಳಕು ಚುಕ್ಕೆಚುಕ್ಕೆಯಾಗಿ ಮಾತ್ರ ಇಳಿಯುವ ನಿತ್ಯಹರಿದ್ವರ್ಣದ ಕಾನಿನೊಳಗೆ, ಬೇರುಗಳನ್ನು ದಾಟಿ, ಮೆಟ್ಟಿಲುಗಳನ್ನು ಇಳಿದು ಸಾಗುವ ಆ ಹೊತ್ತಿನಲ್ಲಿ ನಗರದಿಂದ ಬಂದವನ ಮಾತು ತಾನಾಗಿ ಕಡಿಮೆಯಾಗುತ್ತದೆ. ಕಣ್ಣಿಗೆ ಕಾಣುವ ಮೊದಲು ನದಿ ಕಿವಿಗೆ ಸಿಗುತ್ತದೆ. ವೀಕ್ಷಣಾ ಸ್ಥಳದ ಕಂಬಿ ಹಿಡಿದು ನಿಂತಾಗ ಎದುರಿನ ಬಂಡೆಗಳ ಮೇಲೆ ನೀರು ಹಂತಹಂತವಾಗಿ ಒಡೆದು ಹಾಲಿನಂತೆ ಹರಡಿ ಕೆಳಗಿನ ಹಸಿರಿನೊಳಗೆ ಮರೆಯಾಗುವುದು ಕಾಣುತ್ತದೆ. ಆಷಾಢ, ಶ್ರಾವಣಗಳಲ್ಲಿ ಬಂದವರಿಗೆ ಅದೂ ಕಾಣದಿರುವ ಸಂಭವವುಂಟು. ಕಣಿವೆ ತುಂಬಾ ಮಂಜು, ಕಿವಿ ತುಂಬಾ ಸದ್ದು, ಕಾಲಿಗೆ ಉಂಬಳ. ಮಳೆ ಇಳಿದು ಮಂಜು ಸರಿದು, ನದಿಯಲ್ಲಿ ನೀರೂ ಉಳಿದಿರುವ ಅಕ್ಟೋಬರಿನಿಂದ ಜನವರಿಯವರೆಗಿನ ಅವಧಿಯೇ ಪ್ರಶಸ್ತವಾದುದು.

1845ರಲ್ಲಿ ಜಿಲ್ಲಾಧಿಕಾರಿಯಾಗಿದ್ದ ಲುಷಿಂಗ್ಟನ್ ಎಂಬಾತನ ಹೆಸರನ್ನು ಈ ಜಲಪಾತಕ್ಕೆ ಇಡಲಾಗಿದೆ. ಕೆನರಾ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಸ್ಥಳೀಯರು ಮಾತ್ರ ಇದನ್ನು ಕೆಪ್ಪ ಜೋಗವೆಂದೇ ಕರೆಯುತ್ತ ಬಂದಿದ್ದಾರೆ. ಹತ್ತಿರ ನಿಂತವನ ಕಿವಿ ಕೆಪ್ಪಾಗುವಷ್ಟು ಅದರ ಭೋರ್ಗರೆತ ಎಂಬುದು ಹೆಸರಿನ ಅರ್ಥ. ಸಾಹೇಬನ ಹೆಸರಿಗಿಂತ ಈ ಹೆಸರು ಜಾಹೀರಾತಿಗೂ ಹೆಚ್ಚು ಒದಗುತ್ತದೆ ಎಂಬುದನ್ನು ಪ್ರವಾಸೋದ್ಯಮದವರು ಇನ್ನೂ ಗಮನಿಸಿದಂತಿಲ್ಲ.

ಇನ್ನು ವ್ಯಾಪಾರದ ವಿಷಯ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಹೊರಟ ಒಂದು ಕುಟುಂಬ ತನ್ನ ಊರಿನಲ್ಲಿಯೇ ಪೆಟ್ರೋಲ್ ತುಂಬಿಸಿಕೊಂಡು, ಹೆದ್ದಾರಿಯ ಬದಿಯಲ್ಲಿ ಉಪಾಹಾರ ಮುಗಿಸಿ, ನೀರಿನ ಬಾಟಲಿ ಮತ್ತು ಕುರುಕಲು ತಿಂಡಿಯ ಪೊಟ್ಟಣಗಳನ್ನು ಕಾರಿನಲ್ಲಿರಿಸಿಕೊಂಡು ಉಂಚಳ್ಳಿಗೆ ಬರುತ್ತದೆ. ಜಲಪಾತದ ಎದುರು ಛಾಯಾಚಿತ್ರ ತೆಗೆದುಕೊಂಡು ಅರ್ಧ ಗಂಟೆಯೊಳಗೆ ಹಿಂದಿರುಗಿ, ಅದೇ ದಿನ ಜೋಗವನ್ನೋ ಯಾಣವನ್ನೋ ಮುಗಿಸುವ ತರಾತುರಿಯಲ್ಲಿ ಹೊರಡುತ್ತದೆ. ಇಡೀ ಪ್ರವಾಸದ ವೆಚ್ಚದಲ್ಲಿ ಹೆಗ್ಗರಣಿಯ ಸುತ್ತಲಿನ ಹಳ್ಳಿಗಳಿಗೆ ದಕ್ಕುವುದೇನು? ಬಹುಪಾಲು ಸಂದರ್ಭಗಳಲ್ಲಿ ಖಾಲಿ ಬಾಟಲಿಗಳು. ರಸ್ತೆಯನ್ನು ಅಗಲಗೊಳಿಸಿ ಜಲಪಾತದ ಬದಿಗೇ ಕಾರು ಹೋಗುವಂತೆ ಮಾಡಿದರೆ ಈ ಅರ್ಧ ಗಂಟೆ ಹದಿನೈದು ನಿಮಿಷವಾದೀತೇ ಹೊರತು ಹಳ್ಳಿಯ ಆದಾಯ ಹೆಚ್ಚಲಾರದು. ಪ್ರವಾಸಿಯು ಒಂದು ಸ್ಥಳದಲ್ಲಿ ಕಳೆಯುವ ಹೊತ್ತಿಗೂ ಅಲ್ಲಿ ಬಿಚ್ಚುವ ಕೈಚೀಲಕ್ಕೂ ನೇರ ಸಂಬಂಧವಿದೆ ಎಂಬುದನ್ನು ಯಾವ ಹೋಟೆಲ್ ಮಾಲೀಕರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆ ದೃಷ್ಟಿಯಿಂದ ನೋಡಿದರೆ ಉಂಚಳ್ಳಿಯ ಕಾಲುದಾರಿ ಕೊರತೆಯಲ್ಲ, ಬಂಡವಾಳ.

ಒಂದು ಊಹೆಯ ಲೆಕ್ಕವನ್ನು ಮುಂದಿಡಬಹುದು. ಮಳೆಗಾಲದ ನಂತರದ 120 ದಿನಗಳಲ್ಲಿ ದಿನಕ್ಕೆ 300 ಮಂದಿ ಮಾತ್ರ ಬರುತ್ತಾರೆಂದು ಇಟ್ಟುಕೊಳ್ಳೋಣ. ಅವರಲ್ಲಿ ಪ್ರತಿಯೊಬ್ಬರೂ ಊಟ, ಮಾರ್ಗದರ್ಶಕರ ಶುಲ್ಕ, ಮನೆಗೆ ಕೊಂಡೊಯ್ಯುವ ಒಂದು ಪೊಟ್ಟಣ ಕಾಳುಮೆಣಸು ಇವುಗಳಿಗೆಂದು 200 ರೂಪಾಯಿಗಳನ್ನು ಸ್ಥಳದಲ್ಲಿಯೇ ವೆಚ್ಚ ಮಾಡಿದರೂ ಒಂದು ಹಂಗಾಮಿಗೆ 72 ಲಕ್ಷ ರೂಪಾಯಿಗಳಾಗುತ್ತವೆ. ದಿನಕ್ಕೆ 3,000 ಮಂದಿ ಬಂದು ತಲಾ 10 ರೂಪಾಯಿಯ ನಿಲುಗಡೆ ಶುಲ್ಕವನ್ನಷ್ಟೇ ತೆತ್ತು ಹೋದರೆ ಬರುವುದು 36 ಲಕ್ಷ. ಜನ ಹತ್ತು ಪಟ್ಟು, ಆದಾಯ ಅರ್ಧ; ಕಸ ವಿಲೇವಾರಿಯ ವೆಚ್ಚ ಬೇರೆ. ಅಂಕಿಗಳು ಕಲ್ಪಿತವಾದರೂ ಅನುಪಾತ ಕಲ್ಪನೆಯದಲ್ಲ.

ಹಾಗಾದರೆ ಉಂಚಳ್ಳಿಯಲ್ಲಿ ಮಾರಾಟಕ್ಕಿರುವ ಸರಕು ಯಾವುದು? ಎತ್ತರವಂತೂ ಅಲ್ಲ. ಎತ್ತರದ ಲೆಕ್ಕದಲ್ಲಿ 253 ಮೀಟರಿನ ಜೋಗದ ಮುಂದೆ ಇದು ಅರ್ಧಕ್ಕಿಂತ ಕಡಿಮೆ. ಆದರೆ ಜೋಗದ ನೀರು ಇಂದು ಶರಾವತಿಯ ಇಚ್ಛೆಯಂತೆ ಬೀಳುವುದಿಲ್ಲ. 1948ರಲ್ಲಿ ಆರಂಭಗೊಂಡ ವಿದ್ಯುದಾಗಾರ ಮತ್ತು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ನಂತರ ಜೋಗದ ಪೂರ್ಣ ವೈಭವವು ಜಲಾಶಯ ತುಂಬಿ ಬಾಗಿಲು ತೆರೆಯುವ ದಿನಗಳಿಗೆ ಸೀಮಿತವಾಗಿದೆ. ಇದನ್ನು ದೂರುವಂತಿಲ್ಲ; ರಾಜ್ಯದ ಕೈಗಾರಿಕೆಗಳು ದಶಕಗಳ ಕಾಲ ಆ ವಿದ್ಯುತ್ತಿನ ಮೇಲೆಯೇ ನಿಂತಿದ್ದವು. ಆದರೆ ಅಘನಾಶಿನಿಯ ಕಥೆ ಬೇರೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆಂದು ರೂಢಿಯಲ್ಲಿರುವ ಈ ನದಿ ಸುಮಾರು 120 ಕಿಲೋಮೀಟರ್ ಹರಿದು ತದಡಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುವವರೆಗೆ ಅದಕ್ಕೆ ಅಡ್ಡಲಾಗಿ ಒಂದು ದೊಡ್ಡ ಅಣೆಕಟ್ಟೆಯೂ ಇಲ್ಲ. ಪಶ್ಚಿಮಕ್ಕೆ ಹರಿಯುವ ನದಿಗಳಲ್ಲಿ ಇಂಥ ಉದಾಹರಣೆಗಳು ಇನ್ನು ಹೆಚ್ಚಾಗಿ ಉಳಿದಿಲ್ಲ. ಉಂಚಳ್ಳಿಗೆ ಬರುವವನು ನೋಡುವುದು ಕಟ್ಟಿಲ್ಲದ ನದಿಯನ್ನು. ಜಲಪಾತದಲ್ಲಿ ಇಂದು ನೀರು ಬಿಟ್ಟಿದ್ದಾರೆಯೇ ಎಂದು ಯಾರೂ ದೂರವಾಣಿ ಮಾಡಿ ವಿಚಾರಿಸಬೇಕಾಗಿಲ್ಲ.

ಈ ನದಿಯು ವಾಣಿಜ್ಯಕ್ಕೆ ಹೊಸದೂ ಅಲ್ಲ. ಅದರ ಕೆಳದಂಡೆಯ ಮಿರ್ಜಾನಿನಿಂದ ಮೆಣಸು ಹಡಗೇರಿದ ಕಾಲದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಕಾಳುಮೆಣಸಿನ ರಾಣಿಯೆಂದು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಬ್ಬಳ್ಳಿ, ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು. ಮುಂಬಯಿಯ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರಾಗಿತ್ತು. ಇಂದಿಗೂ ಅಳಿವೆಯಲ್ಲಿ ಸಾಣಿಕಟ್ಟೆಯ ಉಪ್ಪು, ಗಜನಿಯ ಕಗ್ಗ ಭತ್ತ, ಮೀನು ಮತ್ತು ಬಳಚು ಸಾವಿರಾರು ಕುಟುಂಬಗಳ ಜೀವನಾಧಾರವಾಗಿವೆ. ಸಿಹಿನೀರು ಮತ್ತು ಉಪ್ಪುನೀರು ಹದವಾಗಿ ಬೆರೆಯುವುದರಿಂದಲೇ ಇವು ಸಾಧ್ಯ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ಪ್ರದೇಶವನ್ನು 2024ರ ಜನವರಿಯಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿಸಲಾಯಿತು. ಘಟ್ಟದ ಮೇಲೆ ನದಿಯನ್ನು ನೋಡಿ ಹಣ ತೆರುವವನೂ, ಘಟ್ಟದ ಕೆಳಗೆ ಅದೇ ನದಿಯಲ್ಲಿ ಬಳಚು ಹೆಕ್ಕಿ ಹಣ ಗಳಿಸುವವಳೂ ಒಂದೇ ನೀರಿನ ಗಿರಾಕಿಗಳು.

ಕಾಡಿನ ವಿಷಯದಲ್ಲಿ ವರ್ತಕ ಸಮುದಾಯಕ್ಕೆ ಇನ್ನಷ್ಟು ತಿಳಿವಳಿಕೆ ಅವಶ್ಯ. ಉಂಚಳ್ಳಿ, ಕತ್ತಲೆಕಾನು ಮುಂತಾದ ಪ್ರದೇಶಗಳನ್ನೊಳಗೊಂಡ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು 2011ರಲ್ಲಿ ಘೋಷಿತವಾಯಿತು. 2019ರಲ್ಲಿ ಅದು ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ವಿಲೀನಗೊಂಡು, ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ರೂಪುಗೊಂಡಿತು. ಅಭಯಾರಣ್ಯದೊಳಗೆ ಪ್ರವಾಸಿ ವಸತಿಗೃಹ ಅಥವಾ ಹೋಟೆಲು ಕಟ್ಟಬೇಕಾದರೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ 33ನೆಯ ಕಲಮಿನಂತೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕು. ಇದನ್ನರಿಯದೆ ಜಲಪಾತದ ಪಕ್ಕದಲ್ಲಿಯೇ ರೆಸಾರ್ಟಿನ ಕನಸು ಕಾಣುವವರು ತಮ್ಮ ಹಣವನ್ನು ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಸುರಿಯಬೇಕಾದೀತು.

ಕಾನೂನಿಗಿಂತ ಮುಖ್ಯವಾದುದು ಕಾಡಿನ ರಚನೆ. ಸಿಂಗಳೀಕವು ಹೆಚ್ಚುಕಡಿಮೆ ಮರದ ಮೇಲೆಯೇ ಬದುಕುವ ಪ್ರಾಣಿ. ಒಂದು ಮರದ ಕೊಂಬೆ ಮತ್ತೊಂದರ ಕೊಂಬೆಯನ್ನು ಮುಟ್ಟುವಂತಿದ್ದರೆ ಅದು ನೆಲಕ್ಕಿಳಿಯದೆ ಆಹಾರ ಅರಸುತ್ತ ಸಾಗುತ್ತದೆ. ಕಾಲುದಾರಿಯ ಮೇಲೆ ಈ ಹಸಿರು ಚಪ್ಪರ ಕೂಡಿಕೊಂಡೇ ಇರುತ್ತದೆ. ಅದೇ ದಾರಿಯನ್ನು ಎರಡು ವಾಹನ ಎದುರುಬದುರಾಗಿ ಹೋಗುವಷ್ಟು ಅಗಲಿಸಿದರೆ ಚಪ್ಪರ ಹರಿಯುತ್ತದೆ, ಪ್ರಾಣಿ ನೆಲಕ್ಕಿಳಿಯುತ್ತದೆ, ಚಕ್ರಕ್ಕೆ ಸಿಗುತ್ತದೆ, ಇಲ್ಲವೇ ಪ್ರವಾಸಿಯ ಬಿಸ್ಕತ್ತಿಗೆ ಕೈಯೊಡ್ಡುವುದನ್ನು ಕಲಿಯುತ್ತದೆ. ಬಿಸಿಲು ನೇರವಾಗಿ ಬಿದ್ದ ನೆಲ ಒಣಗಿ ಕಾನಿನ ಮರಗಳ ಸಸಿಗಳಿಗೆ ಎಡೆಯಿಲ್ಲದಂತೆ ಕಳೆ ಹಬ್ಬುತ್ತದೆ. ಈ ಸೀಮೆಯ ರಾಮಪತ್ರೆ ಜಡ್ಡಿಗಳಂತೂ ವರ್ಷವಿಡೀ ನೀರು ಜಿನುಗುವ ತಗ್ಗುಗಳು. ಅವುಗಳ ಮೇಲೆ ಮಣ್ಣು ಸುರಿದರೆ ಬೇಸಿಗೆಯ ಒರತೆಯೇ ಬತ್ತೀತು. ಇದರೊಂದಿಗೆ ಗುಡ್ಡದ ಪ್ರಶ್ನೆಯೂ ಇದೆ. ಬುಡ ಕಡಿದ ಗುಡ್ಡ ಭಾರೀ ಮಳೆಯಲ್ಲಿ ಏನು ಮಾಡುತ್ತದೆ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಮಣ್ಣು ಇಡೀ ನಾಡಿಗೆ ತೋರಿಸಿತು.

ಇಲ್ಲಿ ಒಂದು ವಿವೇಚನೆ ಅಗತ್ಯ. ಹೆಗ್ಗರಣಿ ಮತ್ತು ಸುತ್ತಲಿನ ಗ್ರಾಮಸ್ಥರು ಒಳ್ಳೆಯ ರಸ್ತೆ ಕೇಳಿದರೆ ಅದು ನ್ಯಾಯವಾದ ಬೇಡಿಕೆ. ಮಳೆಗಾಲದ ರಾತ್ರಿಯಲ್ಲಿ ಹೆರಿಗೆಗೆ ಹೊರಟವಳಿಗೂ, ಅಡಿಕೆ ಮೂಟೆಯನ್ನು ಶಿರಸಿಯ ಮಾರುಕಟ್ಟೆಗೆ ಸಾಗಿಸುವ ರೈತನಿಗೂ ಹೊಂಡಗಳಿಲ್ಲದ ರಸ್ತೆ ಬೇಕೇ ಬೇಕು. ಊರಿನವರೆಗಿನ ಈ ರಸ್ತೆಯನ್ನೂ ಊರಿನಾಚೆ ಕಾಡಿನೊಳಗೆ ಪ್ರವಾಸಿಗಾಗಿ ಕೇಳುವ ರಸ್ತೆಯನ್ನೂ ಒಂದೇ ಮನವಿಪತ್ರದಲ್ಲಿ ಸೇರಿಸುವುದು ಮಾತ್ರ ಸರಿಯಲ್ಲ. ಹಾಗೆ ಸೇರಿಸಿದ ಮನವಿಗಳಲ್ಲಿ ಎರಡನೆಯದಕ್ಕೆ ಎದುರಾದ ಆಕ್ಷೇಪದಿಂದ ಮೊದಲನೆಯದೂ ನೆನೆಗುದಿಗೆ ಬೀಳುತ್ತದೆ.

ವೃದ್ಧರು, ಅಂಗವಿಕಲರು ನಡೆಯಲಾರರು ಎಂಬ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ನದಿಯ ದರ್ಶನ ಕಾಲಿನ ಬಲವುಳ್ಳವರಿಗೆ ಮಾತ್ರ ಮೀಸಲಾಗಬಾರದು. ಆದರೆ ಅದಕ್ಕೆ ಪರಿಹಾರ ಎಲ್ಲರ ಕಾರಿಗೂ ದಾರಿ ತೆರೆಯುವುದಲ್ಲ. ದಾರಿಯ ಮೊದಲ ಭಾಗದಲ್ಲಿ ಜಾರದ ಕಲ್ಲುಹಾಸು, ನಿಗದಿತ ಅಂತರದಲ್ಲಿ ಕುಳಿತುಕೊಳ್ಳಲು ಕಟ್ಟೆ, ಕೈಯಾಸರೆಗೆ ಗಟ್ಟಿ ಕಂಬಿ, ಗಾಲಿಕುರ್ಚಿ ತಲುಪಬಲ್ಲಷ್ಟು ದೂರದಲ್ಲಿ ಮರಗಳ ನಡುವೆ ಕಣಿವೆಯತ್ತ ನೋಟವಿರುವ ಒಂದು ಸಣ್ಣ ಜಗಲಿ, ಇವುಗಳಿಗೆ ಬೇಕಾಗುವ ಹಣ ರಸ್ತೆ ಕಾಮಗಾರಿಯ ಅಲ್ಪಾಂಶ. ಇಂಥ ಚಿಕ್ಕ ಕಾಮಗಾರಿಗಳಿಗೆ ಗುತ್ತಿಗೆದಾರರ ಉತ್ಸಾಹ ಕಡಿಮೆ ಎಂಬುದು ನಿಜ. ಅದು ಬೇರೆಯೇ ಚರ್ಚೆಯ ವಿಷಯ.

ಸುರಕ್ಷತೆಯ ಬಗೆಗೆ ಇತ್ತೀಚಿನ ವರ್ಷಗಳು ಸಾಕಷ್ಟು ಕಲಿಸಿವೆ. 2023ರ ಜುಲೈಯಲ್ಲಿ ಕೊಲ್ಲೂರಿನ ಬಳಿಯ ಅರಿಶಿನಗುಂಡಿ ಜಲಪಾತದಲ್ಲಿ ಚಿತ್ರೀಕರಣಕ್ಕೆಂದು ಬಂಡೆಯಂಚಿನಲ್ಲಿ ನಿಂತಿದ್ದ ಯುವಕ ಜಾರಿ ಬಿದ್ದು ಪ್ರಾಣ ಕಳೆದುಕೊಂಡ ದೃಶ್ಯವನ್ನು ರಾಜ್ಯದ ಜನರೆಲ್ಲ ತಮ್ಮ ಮೊಬೈಲಿನಲ್ಲಿ ಕಂಡರು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದ ಮೇಲೆ ಸರಕಾರ ಚಾರಣಗಳಿಗೆ ತಡೆ ಹಾಕಿ, ಮುಂಗಡ ನೋಂದಣಿ ಮತ್ತು ದಿನಕ್ಕೆ 300 ಜನರ ಮಿತಿಯ ವ್ಯವಸ್ಥೆಯನ್ನು ತಂದಿತು. ದೀರ್ಘ ಚಾರಣಕ್ಕೆ ಅನ್ವಯಿಸಿದ ಈ ವಿವೇಕವನ್ನು ಉಂಚಳ್ಳಿಯಂಥ ಕಿರುದಾರಿಗಳಿಗೂ ವಿಸ್ತರಿಸಬಹುದು. ಸಣ್ಣ ದಾರಿಗೆ ಗಣಕಯಂತ್ರದ ನೋಂದಣಿಯೇ ಬೇಕೆಂದಿಲ್ಲ. ವಾಹನ ನಿಲುಗಡೆಯನ್ನು ಊರಿನ ಬಳಿಯಲ್ಲಿಟ್ಟು ಅಲ್ಲಿರುವ ಸ್ಥಳವನ್ನೇ ಮಿತಿಯನ್ನಾಗಿಸಿದರೆ ಸಾಕು. ನಿಲುಗಡೆ ತುಂಬಿದ ಮೇಲೆ ಬಂದವರು ಊರಿನಲ್ಲಿ ಊಟ ಮಾಡುತ್ತ ಕಾಯುತ್ತಾರೆ. ಕಾಯುವ ಗಿರಾಕಿಗಿಂತ ಒಳ್ಳೆಯ ಗಿರಾಕಿ ಊಟದ ಮನೆಗೆ ಬೇರೊಬ್ಬನಿಲ್ಲ.

ಈ ಊಟದ ವಿಷಯವನ್ನು ವಾಣಿಜ್ಯ ಸಂಸ್ಥೆಗಳು ಹಗುರವಾಗಿ ಕಾಣುವುದುಂಟು. ಅಪ್ಪೆಹುಳಿ, ತಂಬುಳಿ, ಹಲಸಿನ ಹಪ್ಪಳ, ತೊಡೆದೇವು ಇವು ಬೆಂಗಳೂರಿನ ಮೇಳಗಳಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತಿರುವಾಗ, ಅವು ಹುಟ್ಟಿದ ಊರಿನ ಜಲಪಾತದ ಬಳಿ ಪ್ರವಾಸಿಗೆ ಸಿಗುವುದು ಪೊಟ್ಟಣದ ನೂಡಲ್ಸ್. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತಿದೆ. ಅಪ್ಪೆಮಿಡಿಗೂ ಅದು ದೊರೆತಿದೆ. ನದೀದಂಡೆಯ ಮಿಡಿಮಾವಿನ ಉಪ್ಪಿನಕಾಯಿಯನ್ನು ಅದೇ ನದಿಯನ್ನು ನೋಡಲು ಬಂದವನಿಗೆ ಮಾರುವುದಕ್ಕಿಂತ ಸುಲಭವಾದ ವ್ಯಾಪಾರ ಯಾವುದಿದೆ? 1923ರಿಂದ ಅಡಿಕೆ ಬೆಳೆಗಾರರ ಬೆನ್ನಿಗೆ ನಿಂತಿರುವ ತೋಟಗಾರ್ಸ್ ಸಹಕಾರಿ ಸಂಘದಂಥ ಸಂಸ್ಥೆ ಇರುವ ಸೀಮೆಯಲ್ಲಿ ಸರಕಿನ ಗುಣಮಟ್ಟ, ತೂಕ, ಬೆಲೆಗಳ ವಿಶ್ವಾಸಾರ್ಹ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಯೂ ಇಲ್ಲ. ಮಳಿಗೆಗಳು ಊರಿನಲ್ಲಿರಬೇಕು, ಕಾಡಿನ ದಾರಿಯಲ್ಲಿ ಒಂದೂ ಇರಬಾರದು ಎಂಬ ಒಂದು ನಿಯಮ ಸಾಕು. ಶಿರಸಿಯ ವಸತಿಗೃಹಗಳು ಸಾರಿಗೆ ಸಂಸ್ಥೆಯೊಂದಿಗೆ ಮಾತುಕತೆ ನಡೆಸಿ ವಾರಾಂತ್ಯದಲ್ಲಿ ಬೆಳಿಗ್ಗೆ ಹೊರಟು ಊಟದ ನಂತರ ಮರಳುವ ಚಿಕ್ಕ ಬಸ್ಸನ್ನು ಓಡಿಸುವಂತಾದರೆ ಪ್ರವಾಸಿ ಶಿರಸಿಯಲ್ಲಿಯೂ ಒಂದು ರಾತ್ರಿ ತಂಗುತ್ತಾನೆ. ಈಗ ಅವನು ತಂಗುವುದು ಗೋಕರ್ಣದಲ್ಲಿ.

ಶೌಚಾಲಯದ ಮಾತನ್ನು ಸಂಕೋಚವಿಲ್ಲದೆ ಆಡಬೇಕಾಗಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಡಿ ನಿಗದಿತ ಗಾತ್ರದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ನೈರ್ಮಲ್ಯ ಮತ್ತು ಪರಿಸರ ಸಂರಕ್ಷಣೆ ಎರಡೂ ಆ ಪಟ್ಟಿಯಲ್ಲಿವೆ. ಈ ಹಣದಿಂದ ಕಟ್ಟಡವೇಳುತ್ತದೆ, ದಾನಿಯ ಹೆಸರಿನ ಫಲಕ ಏಳುತ್ತದೆ, ಉದ್ಘಾಟನೆಯ ಛಾಯಾಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಮರುವರ್ಷದ ಮಳೆಗಾಲದ ಹೊತ್ತಿಗೆ ಬಾಗಿಲಿಗೆ ಬೀಗ. ಗುಡಿಸುವವಳ ಸಂಬಳ, ನೀರೆತ್ತುವ ಪಂಪಿನ ದುರಸ್ತಿ, ಕಸವನ್ನು ವಾರಕ್ಕೆರಡು ಬಾರಿ ಪಟ್ಟಣಕ್ಕೆ ಸಾಗಿಸುವ ವಾಹನದ ಬಾಡಿಗೆ, ಇವನ್ನು ಐದು ವರ್ಷ ಭರಿಸುವೆನೆಂದು ಮುಂದೆ ಬರುವ ಒಂದು ಕಂಪನಿ ಹತ್ತು ಕಟ್ಟಡಗಳ ದಾನಿಗಿಂತ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ. ಕಾಲುದಾರಿಯ ನಿರ್ವಹಣೆಗೂ ಇದೇ ಮಾತು. ಪ್ರತಿ ಮಳೆಗಾಲದ ನಂತರ ಮೆಟ್ಟಿಲಿನ ಪಾಚಿ ಕೆರೆಯಬೇಕು, ನೀರು ಹರಿಯುವ ಕಾಲುವೆ ಬಿಡಿಸಬೇಕು, ಸಡಿಲಗೊಂಡ ಕಂಬಿ ಬಿಗಿಯಬೇಕು. ಇದು ಗ್ರಾಮ ಅರಣ್ಯ ಸಮಿತಿಯ ಸದಸ್ಯರಿಗೆ ವರ್ಷವರ್ಷವೂ ದೊರೆಯಬಹುದಾದ ಉದ್ಯೋಗ.

ಇಷ್ಟೆಲ್ಲದರ ಮೇಲೆ ತೂಗುತ್ತಿರುವ ಒಂದು ಪ್ರಸ್ತಾವವನ್ನು ಇಲ್ಲಿ ಹೆಸರಿಸದೆ ಬಿಡುವಂತಿಲ್ಲ. ಅಘನಾಶಿನಿಯ ನೀರನ್ನು ಪೂರ್ವಕ್ಕೆತ್ತಿ ವೇದಾವತಿಗೆ ಹರಿಸುವ ನದಿ ಜೋಡಣೆಯ ಯೋಚನೆ ಕೆಲ ವರ್ಷಗಳಿಂದ ಚರ್ಚೆಯಲ್ಲಿದ್ದು, ಜಿಲ್ಲೆಯಲ್ಲಿ ಅದಕ್ಕೆ ತೀವ್ರ ವಿರೋಧ ವ್ಯಕ್ತವಾಗಿದೆ. ಬಯಲುಸೀಮೆಯ ನೀರಿನ ಬವಣೆ ಸುಳ್ಳಲ್ಲ. ಚಿತ್ರದುರ್ಗದ ರೈತನ ಬೇಡಿಕೆಯನ್ನು ಮಲೆನಾಡಿನವರು ಅಲ್ಲಗಳೆಯುವುದೂ ಶೋಭೆಯಲ್ಲ. ಆದರೆ ಇಂಥ ಯೋಜನೆಗಳ ವರದಿಯಲ್ಲಿ ಮುಳುಗುವ ಮರದ ಬೆಲೆ, ಭೂಮಿಯ ಪರಿಹಾರ, ಪಂಪಿನ ವಿದ್ಯುತ್ ವೆಚ್ಚ ಲೆಕ್ಕಕ್ಕೆ ಬರುತ್ತವೆಯೇ ಹೊರತು ಹರಿಯುವ ನದಿಯಿಂದ ಬದುಕುವ ಉದ್ಯಮಗಳ ನಷ್ಟ ಬರುವುದು ವಿರಳ. ಜಲಪಾತದ ಮೇಲ್ಭಾಗದಲ್ಲಿ ನೀರನ್ನು ತಿರುಗಿಸಿದರೆ ಮೊದಲು ಕುಗ್ಗುವುದು ಅಕ್ಟೋಬರಿನಿಂದ ಜನವರಿಯವರೆಗಿನ ಹರಿವು. ಪ್ರವಾಸಿ ಹಂಗಾಮೂ ಅದೇ ನಾಲ್ಕು ತಿಂಗಳು. ಜೂನ್, ಜುಲೈಯ ಮಂಜಿನಲ್ಲಿ ಎಷ್ಟು ನೀರು ಬಿದ್ದರೂ ಶಿರಸಿಯ ಹೋಟೆಲಿನ ಕೋಣೆ ತುಂಬುವುದಿಲ್ಲ.

ಜಿಲ್ಲೆಯ ಹೋಟೆಲು, ಹೋಂಸ್ಟೇ, ಸಾರಿಗೆ, ಮಸಾಲೆ ಪದಾರ್ಥ ಮತ್ತು ಮೀನುಗಾರಿಕೆಯ ಉದ್ಯಮಿಗಳು ಈ ಬಗೆಗೆ ಒಟ್ಟಾಗಿ ಲಿಖಿತ ಅಭಿಪ್ರಾಯ ಸಲ್ಲಿಸುವುದು ಸೂಕ್ತ. ಪರಿಸರವಾದಿಗಳ ಪರವಾಗಿ ಅಥವಾ ವಿರುದ್ಧವಾಗಿ ಘೋಷಣೆ ಕೂಗಬೇಕಾಗಿಲ್ಲ. ಹೂಡಿಕೆ ಎಷ್ಟು, ಉದ್ಯೋಗ ಎಷ್ಟು, ಅವುಗಳಲ್ಲಿ ನದಿಯ ಚಳಿಗಾಲದ ಹರಿವನ್ನು ನಂಬಿದ್ದು ಎಷ್ಟು ಎಂಬ ವಿವರವನ್ನು ಸದಸ್ಯರಿಂದ ಸಂಗ್ರಹಿಸಿ ಒಂದು ತಖ್ತೆಯಾಗಿ ಸಿದ್ಧಪಡಿಸಿದರೆ ಸಾಕು. ಯೋಜನಾ ವರದಿಯ ವೆಚ್ಚದ ಕಾಲಮಿನಲ್ಲಿ ಆ ಮೊತ್ತವೂ ಒಂದು ಬಾಬ್ತಾಗಿ ದಾಖಲಾಗಬೇಕಾಗಿದೆ.